ಬೇಟೆಗಾರನ ಮರ್ಯಾದೆ

1987ರ ‘ಪ್ರಿಡೇಟರ್’ ಚಿತ್ರದಲ್ಲಿ ಒಂದು ಸಣ್ಣ ಸನ್ನಿವೇಶವಿದೆ. ಮಧ್ಯ ಅಮೆರಿಕದ ಕಾಡಿನಲ್ಲಿ ಕಣ್ಣಿಗೆ ಕಾಣದ ಯಾವುದೋ ಜೀವಿ ಅಮೆರಿಕದ ಕಮಾಂಡೋಗಳನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತಿದೆ. ಅವರ ಸೆರೆಯಲ್ಲಿರುವ ಗೆರಿಲ್ಲಾ ಹೆಂಗಸು ಆನಾ ಗಾಬರಿಯಲ್ಲಿ ಬಂದೂಕೊಂದನ್ನು ಎತ್ತಿಕೊಳ್ಳಲು ಹೋದಾಗ, ನಾಯಕ ಡಚ್ ಅದನ್ನು ಒದ್ದು ದೂರ ತಳ್ಳುತ್ತಾನೆ. ಆ ಜೀವಿ ಆಯುಧವಿಲ್ಲದವರನ್ನು ಮುಟ್ಟುವುದಿಲ್ಲ ಎಂಬುದು ಅಷ್ಟರಲ್ಲಿ ಅವನಿಗೆ ಅರ್ಥವಾಗಿದೆ. ಆನಾ ಬದುಕುತ್ತಾಳೆ.

ಈ ಒಂದು ಒದೆತದಿಂದ ಹುಟ್ಟಿಕೊಂಡ ನಂಬಿಕೆಗೆ ಈಗ ಸುಮಾರು ನಾಲ್ಕು ದಶಕದ ವಯಸ್ಸು. ಅನ್ಯಗ್ರಹದ ಈ ಬೇಟೆಗಾರ ಬರೀ ಕ್ರೂರಿಯಲ್ಲ, ಅವನಿಗೊಂದು ನೀತಿಯಿದೆ, ಅವನು ಮರ್ಯಾದೆಯುಳ್ಳ ಯೋಧ ಎಂಬ ನಂಬಿಕೆ ಅದು. ಕಾಮಿಕ್ಸ್‌ಗಳು, ಕಾದಂಬರಿಗಳು, ಮುಂದಿನ ಚಿತ್ರಗಳು ಇದನ್ನು ಬೆಳೆಸುತ್ತಲೇ ಹೋದವು. ನಾನೂ ಬಹಳ ಕಾಲ ಹಾಗೆಯೇ ನಂಬಿದ್ದೆ. ಈಚೆಗೆ ಈ ಚಿತ್ರಗಳನ್ನು ಮತ್ತೆ ಸಾಲಾಗಿ ನೋಡಿದ ಮೇಲೆ ಆ ನಂಬಿಕೆ ಅಲುಗಾಡಿದೆ.

ಪರವಾದ ಸಾಕ್ಷ್ಯವೇನೂ ಕಡಿಮೆಯಿಲ್ಲ. ‘ಪ್ರಿಡೇಟರ್ 2’ (1990) ಚಿತ್ರದಲ್ಲಿ ಅದು ಆಟಿಕೆ ಬಂದೂಕು ಹಿಡಿದ ಹುಡುಗನನ್ನು ಪರೀಕ್ಷಿಸಿ ಬಿಟ್ಟುಬಿಡುತ್ತದೆ. ಪೊಲೀಸ್ ಅಧಿಕಾರಿ ಲಿಯೋನಾಳ ಹೊಟ್ಟೆಯಲ್ಲಿ ಮಗುವಿರುವುದು ಕಂಡಾಗ ಅವಳನ್ನೂ ಬಿಡುತ್ತದೆ. ಕೊನೆಯಲ್ಲಿ ಹ್ಯಾರಿಗನ್ ಅದರ ನೌಕೆಯೊಳಗೇ ಹೋಗಿ ಅದನ್ನು ಕೊಲ್ಲುತ್ತಾನೆ. ಆಗ ಅದರ ಕುಲದವರು ಸುತ್ತಲೂ ಪ್ರತ್ಯಕ್ಷರಾಗುತ್ತಾರೆ, ಆದರೆ ಸೇಡು ತೀರಿಸಿಕೊಳ್ಳುವುದಿಲ್ಲ. ಹಿರಿಯನೊಬ್ಬ 1715ನೇ ಇಸವಿ ಕೆತ್ತಿದ ಹಳೆಯ ಪಿಸ್ತೂಲೊಂದನ್ನು ಅವನತ್ತ ಎಸೆದು ಹೊರಟುಹೋಗುತ್ತಾನೆ. ಗೆದ್ದವನನ್ನು ಗೆದ್ದವನೆಂದು ಒಪ್ಪಿಕೊಳ್ಳುವ ಈ ದೃಶ್ಯ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ.

ಆದರೆ ಮೊದಲ ಚಿತ್ರಕ್ಕೆ ಮರಳಿ ನೋಡಿ. ಅಲ್ಲಿ ಈ ನೀತಿಯನ್ನು ಬೇಟೆಗಾರ ಎಲ್ಲೂ ಹೇಳುವುದಿಲ್ಲ. ಅದು ಡಚ್‌ನ ಊಹೆ. ಬ್ಲೇನ್‌ನನ್ನು ಅದು ಕೊಲ್ಲುವುದು ಮರೆಯಲ್ಲಿ ನಿಂತು, ಅವನಿಗೆ ಎದುರಾಳಿಯ ಸುಳಿವೇ ಇಲ್ಲದಾಗ. ಗಾಯಗೊಂಡು ಇನ್ನೊಬ್ಬರ ಆಸರೆಯಲ್ಲಿ ನಡೆಯುತ್ತಿದ್ದ ಪಾಂಚೊನ ತಲೆಗೆ ದೂರದಿಂದಲೇ ಹೊಡೆಯುತ್ತದೆ. ಕೊನೆಗೆ ಮುಖವಾಡವನ್ನೂ ಹೆಗಲ ಮೇಲಿನ ಫಿರಂಗಿಯನ್ನೂ ಕಳಚಿಟ್ಟು ಬರಿಗೈಯಲ್ಲಿ ಕಾದಾಡಲು ಬರುತ್ತದೆ, ನಿಜ. ಆದರೆ ಆ ಪಾತ್ರ ಮಾಡಿದ ಕೆವಿನ್ ಪೀಟರ್ ಹಾಲ್ ಏಳಡಿಗೂ ಎತ್ತರದ ಮನುಷ್ಯ. ಅವನ ಮುಂದೆ ಶ್ವಾರ್ಜ್‌ನೆಗರ್ ಕೂಡ ಹುಡುಗನ ಹಾಗೆ ಕಾಣುತ್ತಾನೆ. ಇಷ್ಟಾಗಿಯೂ ಸೋತಾಗ ಅದು ಮಾಡುವುದೇನು? ಕೈಗೆ ಕಟ್ಟಿಕೊಂಡ ಬಾಂಬಿನ ಗುಂಡಿ ಒತ್ತಿ, ತಾನು ಕೊಂದ ಬಿಲ್ಲಿಯ ನಗುವನ್ನೇ ಅಣಕಿಸಿ ನಗುತ್ತದೆ. ಸೋಲನ್ನು ಒಪ್ಪಿಕೊಂಡ ಯೋಧನ ನಡತೆ ಇದಲ್ಲ.

ಹಾಗಾದರೆ ಆಯುಧವಿಲ್ಲದವರನ್ನು ಬಿಡುವುದೇಕೆ? ಇದಕ್ಕೆ ಉತ್ತರವನ್ನು ಯುದ್ಧದಲ್ಲಿ ಹುಡುಕುವುದಕ್ಕಿಂತ ಬೇಟೆಯಲ್ಲಿ ಹುಡುಕಬೇಕು ಎನ್ನಿಸುತ್ತದೆ. 1902ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ಮಿಸಿಸಿಪ್ಪಿಗೆ ಕರಡಿ ಬೇಟೆಗೆ ಹೋಗಿದ್ದ. ಅವನಿಗೆಂದೇ ಒಂದು ಕರಡಿಯನ್ನು ಹಿಡಿದು ಮರಕ್ಕೆ ಕಟ್ಟಿಹಾಕಿದ್ದರು. ಕಟ್ಟಿದ ಪ್ರಾಣಿಗೆ ಗುಂಡು ಹೊಡೆಯುವುದು ಬೇಟೆಗಾರನಿಗೆ ತಕ್ಕದ್ದಲ್ಲ ಎಂದು ಅವನು ನಿರಾಕರಿಸಿದ. ಆ ಸುದ್ದಿ ವ್ಯಂಗ್ಯಚಿತ್ರವಾಯಿತು, ಅದರಿಂದ ಟೆಡ್ಡಿ ಬೇರ್ ಎಂಬ ಗೊಂಬೆ ಹುಟ್ಟಿತು. ಕಥೆಯ ಉಳಿದ ಭಾಗವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಗಾಯಗೊಂಡಿದ್ದ ಆ ಕರಡಿಯ ನರಳಾಟ ಮುಗಿಸಿ ಎಂದು ಅವನೇ ಹೇಳಿದ. ಅದನ್ನು ಚಾಕುವಿನಿಂದ ಕೊಂದರು. ರೂಸ್ವೆಲ್ಟ್‌ನ ಮರ್ಯಾದೆ ಉಳಿಯಿತು, ಕರಡಿ ಉಳಿಯಲಿಲ್ಲ.

ಬೇಟೆಯ ನಿಯಮಗಳು ಕಾಯುವುದು ಬೇಟೆಗಾರನ ಹೆಮ್ಮೆಯನ್ನು. ಸುಲಭವಾಗಿ ಸಿಕ್ಕ ತಲೆಬುರುಡೆಗೆ ಬೆಲೆಯಿಲ್ಲ, ಆದ್ದರಿಂದ ಆನಾಳನ್ನು ಬಿಡಬೇಕು. ಗಬ್ಬದ ಜಿಂಕೆಗೆ ಗುಂಡು ಹೊಡೆಯಬಾರದು ಎಂಬ ಮಾತು ಬೇಟೆಗಾರರಲ್ಲಿ ಸಾಮಾನ್ಯ; ಮುಂದಿನ ವರ್ಷದ ಬೇಟೆ ಅದರ ಹೊಟ್ಟೆಯಲ್ಲಿರುತ್ತದೆ. ಲಿಯೋನಾಳನ್ನು ಬಿಟ್ಟದ್ದನ್ನು ಹೀಗೂ ಓದಬಹುದು. ರಿಚರ್ಡ್ ಕಾನೆಲ್ 1924ರಲ್ಲಿ ಬರೆದ ‘ದಿ ಮೋಸ್ಟ್ ಡೇಂಜರಸ್ ಗೇಮ್’ ಕತೆಯ ಜನರಲ್ ಝರೋಫ್ ಮನುಷ್ಯರನ್ನೇ ಬೇಟೆಯಾಡುವವನು. ಅವನೂ ತನ್ನ ಬೇಟೆಗೆ ಒಂದು ಚಾಕು ಕೊಟ್ಟು, ಮೂರು ಗಂಟೆ ಮೊದಲೇ ಓಡಲು ಬಿಟ್ಟು, ತಾನು ಸಣ್ಣ ಪಿಸ್ತೂಲು ಮಾತ್ರ ಹಿಡಿಯುತ್ತಾನೆ. ಅವನ ನಿಯಮಪಾಲನೆಯನ್ನು ಕಂಡು ನಾವು ಯಾರೂ ಅವನನ್ನು ಮರ್ಯಾದಸ್ಥ ಎನ್ನುವುದಿಲ್ಲ. ಪ್ರಿಡೇಟರ್‌ಗೆ ಮಾತ್ರ ಆ ಗೌರವ ಯಾಕೆ?

ಯುದ್ಧದ ನಿಯಮದ ಸ್ವರೂಪವೇ ಬೇರೆ. ಕುರುಕ್ಷೇತ್ರದಲ್ಲಿ ಯುದ್ಧಕ್ಕೆ ಮೊದಲು ಎರಡೂ ಪಕ್ಷದವರು ಕೂಡಿ ಕಟ್ಟಳೆಗಳನ್ನು ಮಾಡಿಕೊಳ್ಳುತ್ತಾರೆ. ಅವನ್ನು ಇಬ್ಬರೂ ಮುರಿಯುತ್ತಾರೆ ಎಂಬುದು ಬೇರೆ ಮಾತು. ಗದಾಯುದ್ಧದಲ್ಲಿ ಭೀಮ ತೊಡೆಗೆ ಹೊಡೆದಾಗ ಬಲರಾಮ ಸಿಟ್ಟಾಗುವುದು, ಬಿದ್ದ ದುರ್ಯೋಧನ ಅನ್ಯಾಯವೆಂದು ದೂರುವುದು ಸಾಧ್ಯವಾಗುವುದೇ ಆ ಕಟ್ಟಳೆ ಇಬ್ಬರದೂ ಆಗಿರುವುದರಿಂದ. ಸೋತವನಿಗೂ ಪ್ರಶ್ನಿಸುವ ಹಕ್ಕು ಅಲ್ಲಿದೆ. ಪ್ರಿಡೇಟರ್‌ನ ನಿಯಮ ಬರೆದವನೂ ಅವನೇ, ತೀರ್ಪುಗಾರನೂ ಅವನೇ. ಬ್ಲೇನ್‌ಗೆ ತಾನು ಆಟದಲ್ಲಿದ್ದೇನೆ ಎಂಬುದೇ ಗೊತ್ತಿರಲಿಲ್ಲ.

ಇಲ್ಲಿ ಇನ್ನೊಂದು ವಿಷಯ ನನ್ನನ್ನು ಕಾಡಿತು. ಈ ಚಿತ್ರಗಳಲ್ಲಿ ಬೇಟೆಗಾರ ಲೆಕ್ಕಕ್ಕೆ ಹಿಡಿಯದೆ ಬಿಟ್ಟುಬಿಡುವವರು ಯಾರು? ಆನಾ, ಲಿಯೋನಾ, ಒಬ್ಬ ಹುಡುಗ. ‘ಏಲಿಯನ್ ವರ್ಸಸ್ ಪ್ರಿಡೇಟರ್’ (2004) ಚಿತ್ರದಲ್ಲಿ ಶ್ವಾಸಕೋಶದ ಕಾಯಿಲೆಯಿಂದ ಸಾಯುತ್ತಿರುವ ಮುದಿ ಉದ್ಯಮಿ ವೇಲ್ಯಾಂಡ್. ಅವನ ಎದೆಯೊಳಗಿನ ರೋಗ ಕಂಡು ಬೇಟೆಗಾರ ಬೆನ್ನು ತಿರುಗಿಸಿ ಹೊರಡುತ್ತಾನೆ. ವೇಲ್ಯಾಂಡ್‌ಗೆ ಅದನ್ನು ತಡೆದುಕೊಳ್ಳಲಾಗುವುದಿಲ್ಲ. ಬೆಂಕಿ ಹಚ್ಚಿ ಅದರ ಮೇಲೆ ಬೀಳುತ್ತಾನೆ, ಸಾಯುತ್ತಾನೆ. ಕರುಣೆಯೆಂದು ನಾವು ಕರೆದದ್ದನ್ನು ಅವನು ಸರಿಯಾಗಿಯೇ ಅವಮಾನವೆಂದು ಗುರುತಿಸಿದ್ದ. ನೀನು ಕೊಲ್ಲುವುದಕ್ಕೂ ಲಾಯಕ್ಕಲ್ಲ ಎನ್ನುವುದು ಅಭಯವಲ್ಲ.

ಈ ಅವಮಾನವನ್ನು ಪೂರ್ತಿಯಾಗಿ ಅರ್ಥಮಾಡಿಕೊಂಡ ಚಿತ್ರ ಡ್ಯಾನ್ ಟ್ರಾಕ್ಟೆನ್‌ಬರ್ಗ್ ನಿರ್ದೇಶನದ ‘ಪ್ರೇ’ (2022). ಕಾಲ 1719, ಸ್ಥಳ ಅಮೆರಿಕದ ಉತ್ತರದ ಬಯಲುಸೀಮೆ. ಕೊಮಾಂಚಿ ಹುಡುಗಿ ನಾರುಗೆ ಬೇಟೆಗಾರ್ತಿಯಾಗುವ ಆಸೆ, ತನ್ನ ಜನರಲ್ಲಿ ಅದನ್ನು ಒಪ್ಪುವವರಿಲ್ಲ. ಫ್ರೆಂಚ್ ತೊಗಲು ವ್ಯಾಪಾರಿಗಳು ಅವಳನ್ನೂ ಅವಳ ಅಣ್ಣನನ್ನೂ ಮರಕ್ಕೆ ಕಟ್ಟಿ, ಅನ್ಯಜೀವಿಗೆ ಆಮಿಷವಾಗಿ ಇಡುತ್ತಾರೆ. ರೂಸ್ವೆಲ್ಟ್‌ನ ಕರಡಿಯಂತೆಯೇ. ಜೀವಿ ಇವರನ್ನು ಕಡೆಗಣಿಸಿ ಫ್ರೆಂಚರ ಮೇಲೆ ಎರಗುತ್ತದೆ. ನಾರು ಇದನ್ನು ನೋಡಿ ಕಲಿಯುತ್ತಾಳೆ. ಮುಂದೆ ಆ ವ್ಯಾಪಾರಿಗಳಲ್ಲಿ ಒಬ್ಬನ ಕಾಲು ಕಡಿದು, ಅವನ ಕೈಗೆ ಮದ್ದುಗುಂಡಿಲ್ಲದ ಬಂದೂಕು ಕೊಟ್ಟು ಕೂರಿಸುತ್ತಾಳೆ. ಬಂದೂಕು ಹಿಡಿದವನು ಬೇಟೆಗೆ ಅರ್ಹ. ಅದು ಬಂದು ಅವನನ್ನು ಕೊಲ್ಲುತ್ತದೆ. ಅಲಕ್ಷಿತಳಾಗಿದ್ದ ಹುಡುಗಿ ಹಿಂದಿನಿಂದ ಹೊಡೆಯುತ್ತಾಳೆ. ಯಾವ ನೀತಿಯನ್ನು ನಾವು ಮರ್ಯಾದೆ ಎಂದು ಮೆಚ್ಚಿದ್ದೆವೋ ಅದನ್ನು ಅವಳು ಪ್ರಾಣಿಯೊಂದರ ಅಭ್ಯಾಸವೆಂಬಂತೆ ಗಮನಿಸಿ, ಅಲ್ಲೇ ಉರುಲು ಹಾಕುತ್ತಾಳೆ. ಅವಳ ಕೈಯೂ ಶುದ್ಧವಾಗಿ ಉಳಿಯುವುದಿಲ್ಲ. ಬೇಟೆಯ ಆಟದಲ್ಲಿ ಗೆಲ್ಲಲು ಅವಳು ಬೇಟೆಗಾರಳಾಗಲೇಬೇಕು. ಹ್ಯಾರಿಗನ್‌ಗೆ ಸಿಕ್ಕ ಪಿಸ್ತೂಲಿನ ಅರ್ಥವೂ ಬಹುಶಃ ಇದೇ: ಕೊಂದ ಮೇಲಷ್ಟೇ ನೀನು ನಮ್ಮವನು.

ಅದೇ ನಿರ್ದೇಶಕನ ‘ಪ್ರಿಡೇಟರ್: ಬ್ಯಾಡ್‌ಲ್ಯಾಂಡ್ಸ್’ (2025) ಆ ಕುಲದ ಒಳಗೇ ಕ್ಯಾಮೆರಾ ಇಡುತ್ತದೆ. ಅಲ್ಲಿ ತಂದೆಯೊಬ್ಬ ತನ್ನ ಕಿರಿಯ ಮಗ ದುರ್ಬಲನೆಂಬ ಕಾರಣಕ್ಕೆ ಅವನನ್ನು ಕೊಲ್ಲಲು ಹಿರಿಯ ಮಗನಿಗೆ ಹೇಳುತ್ತಾನೆ. ಒಪ್ಪದ ಹಿರಿಯವನನ್ನು ತಾನೇ ಕೊಲ್ಲುತ್ತಾನೆ. ಹೊರಗಿನ ದುರ್ಬಲರನ್ನು ಕಡೆಗಣಿಸುವ ಅದೇ ನಿಯಮ ಮನೆಯೊಳಗಿನ ದುರ್ಬಲನ ಕೊರಳಿಗೆ ಬರುತ್ತದೆ. ಈ ದೃಶ್ಯ ನೋಡುವಾಗ ನನಗೆ ನಮ್ಮ ಪತ್ರಿಕೆಗಳ ಒಂದು ಪದ ನೆನಪಾಯಿತು. ಮನೆತನದ ಮಾನ ಕಾಯುವ ಹೆಸರಿನಲ್ಲಿ ಹೆತ್ತವರೇ ಮಕ್ಕಳನ್ನು ಕೊಂದಾಗ ಇಂಗ್ಲಿಷ್‌ನವರು ಅದನ್ನು ‘ಆನರ್ ಕಿಲ್ಲಿಂಗ್’ ಎನ್ನುತ್ತಾರೆ. ಕನ್ನಡದಲ್ಲಿ ‘ಮರ್ಯಾದಾ ಹತ್ಯೆ’ ಎಂದು ಬರೆಯುವವರಿದ್ದಾರೆ, ‘ಮರ್ಯಾದೆಗೇಡು ಹತ್ಯೆ’ ಎಂದು ತಿದ್ದಿ ಬರೆಯುವವರೂ ಇದ್ದಾರೆ. ಹಾಗೆ ತಿದ್ದಿದವರಿಗೆ ಮರ್ಯಾದೆ ಎಂಬ ಪದವನ್ನು ಕೊಂದವನಿಗೆ ಬಿಟ್ಟುಕೊಡಲು ಮನಸ್ಸಿರಲಿಲ್ಲ. ಪ್ರಿಡೇಟರ್‌ನ ವಿಷಯದಲ್ಲೂ ನಾವು ಅದೇ ಎಚ್ಚರ ತೋರಬೇಕಿತ್ತು. ನಿಯಮವೊಂದು ಇದೆ ಎಂದ ಮಾತ್ರಕ್ಕೆ ಅದು ಮರ್ಯಾದೆಯಾಗುವುದಿಲ್ಲ.

ಮೊದಲ ಚಿತ್ರದ ಕೊನೆಯಲ್ಲಿ, ಮರದ ದಿಮ್ಮಿ ಬಿದ್ದು ಜಜ್ಜಿಹೋದ ಜೀವಿಯ ತಲೆಯ ಮೇಲೆ ಹಾಕಲು ಡಚ್ ದೊಡ್ಡದೊಂದು ಕಲ್ಲು ಎತ್ತುತ್ತಾನೆ. ತನ್ನ ಜೊತೆಗಾರರೆಲ್ಲ ಸತ್ತಿದ್ದಾರೆ. ಕೆಳಗೆ ಬಿದ್ದಿರುವುದು ರಕ್ತ ಕಾರುತ್ತಾ ಉಸಿರಿಗಾಗಿ ಒದ್ದಾಡುತ್ತಿದೆ. ಅವನು ಒಂದು ಕ್ಷಣ ನೋಡಿ ಕಲ್ಲನ್ನು ಪಕ್ಕಕ್ಕೆ ಹಾಕುತ್ತಾನೆ, ನೀನು ಯಾರು ಎಂದು ಕೇಳುತ್ತಾನೆ. ಅವನಿಗೆ ಹಾಗೆ ಮಾಡೆಂದು ಯಾವ ಕುಲದ ಕಟ್ಟಳೆಯೂ ಹೇಳಿರಲಿಲ್ಲ. ನಾಲ್ಕು ದಶಕಗಳಿಂದ ಬೇಟೆಗಾರನಲ್ಲಿ ನಾವು ಹುಡುಕುತ್ತಿರುವುದು ನನಗೆ ಕಂಡದ್ದು ಆ ಕಲ್ಲು ಕೆಳಗಿಳಿದಾಗ.