ಮರೆತ ಹಗೆ

ನಿಕೋಲಸ್ ಮೇಯರ್ ನಿರ್ದೇಶಿಸಿದ ‘ಸ್ಟಾರ್ ಟ್ರೆಕ್ 2: ದಿ ರಾತ್ ಆಫ್ ಖಾನ್’ (1982) ಚಿತ್ರವನ್ನು ಕೇವಲ ಸೇಡಿನ ಕಥೆಯೆಂದೆಣಿಸುವುದು ವಾಡಿಕೆ. ಅದರ ನಿಜವಾದ ವಸ್ತು ಮರೆವು ಎಂಬುದು ನನ್ನ ಅಭಿಪ್ರಾಯ.

1967ರಲ್ಲಿ ಪ್ರಸಾರವಾದ ದೂರದರ್ಶನ ಧಾರಾವಾಹಿಯ ಕಂತೊಂದರಲ್ಲಿ, ತನ್ನ ಅಂತರಿಕ್ಷ ನೌಕೆಯನ್ನು ಅಪಹರಿಸಹೊರಟ ಖಾನನನ್ನೂ ಅವನ ಪರಿವಾರವನ್ನೂ ನಾಯಕ ಕರ್ಕನು ನಿರ್ಜನ ಗ್ರಹವೊಂದರಲ್ಲಿ ನೆಲೆಗೊಳಿಸುತ್ತಾನೆ. ಅದು ಉದಾರವಾದ ಶಿಕ್ಷೆಯೇ ಸರಿ. ಆದರೆ ಆರು ತಿಂಗಳಲ್ಲಿ ನೆರೆಯ ಗ್ರಹ ಸಿಡಿದು ಆ ನೆಲ ಮರುಭೂಮಿಯಾಯಿತೆಂದೂ ಖಾನನ ಮಡದಿ ಅಲ್ಲಿಯೇ ಮಡಿದಳೆಂದೂ ಚಿತ್ರದಿಂದ ತಿಳಿಯುತ್ತದೆ. ಹದಿನೈದು ವರ್ಷ ಕರ್ಕನು ಅತ್ತ ತಿರುಗಿಯೂ ನೋಡಿಲ್ಲ. ಖಾನನ ಕ್ರೌರ್ಯ ಅಕ್ಷಮ್ಯವಾದರೂ ಅವನ ದೂರು ಸುಳ್ಳಲ್ಲ.

ರನ್ನನ ‘ಗದಾಯುದ್ಧ’ದಲ್ಲಿ ಭೀಮ ದುರ್ಯೋಧನರು ಇದಿರುಬದಿರಾಗಿ ಕಾದುತ್ತಾರೆ. ಇಲ್ಲಿಯ ವೈರಿಗಳಾದರೋ ಒಮ್ಮೆಯೂ ಒಂದೆಡೆ ನಿಲ್ಲರು. ನೌಕೆಯ ತೆರೆಯ ಮೇಲಷ್ಟೇ ಸಂಧಿಸುತ್ತಾರೆ. ಇದನ್ನು ದೋಷವೆನ್ನಲಾಗದು. ಬಿಟ್ಟುಬಂದವನಿಗೆ ಅಲ್ಲಿ ಉಳಿದವನ ನೋವು ಹತ್ತಿರದಿಂದ ಕಾಣುವುದಿಲ್ಲ. ಈ ದೂರವೇ ಚಿತ್ರದ ಅರ್ಥ.

ಕಡೆಗೆ ಆ ಸಾಲವನ್ನು ತೀರಿಸುವವನು ಕರ್ಕನಲ್ಲ. ನೌಕೆಯನ್ನುಳಿಸಲು ವಿಕಿರಣಕ್ಕೆ ಮೈಯೊಡ್ಡಿ ಮಡಿಯುವ ಗೆಳೆಯ ಸ್ಪಾಕ್. ತಾನು ಸಾವನ್ನು ವಂಚಿಸುತ್ತ ಬಂದೆನೆಂದು ಕರ್ಕನು ಮಗನೆದುರು ಒಪ್ಪಿಕೊಳ್ಳುತ್ತಾನೆ. ಖಾನನನ್ನು ಮರೆತೆನೆಂದು ಮಾತ್ರ ಒಪ್ಪುವುದಿಲ್ಲ. ಉತ್ತಮವಾದ ಈ ಕೃತಿಯ ಕೊರತೆ ಇದೊಂದೇ.