ಆದಿತ್ಯವಾರದ ಓದು: ಕ್ರೈಸ್ತ ಭಕ್ತಿಗ್ರಂಥಗಳೂ ಕನ್ನಡದ ಕಿವಿಯೂ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಗೊರವಯ್ಯನು ಬಿಲ್ಲನ್ನೇರಿ ಕಾರಣಿಕವನ್ನು ನುಡಿಯುವನು. ನೆರೆದ ಅಪಾರ ಜನಸ್ತೋಮವು ‘ಸದ್ದಲೇ’ ಎಂಬ ಒಂದು ಕೂಗಿಗೆ ಮೌನವಾಗುವುದು. ಆಮೇಲೆ ಕೇಳಿಬರುವುದು ಒಂದೇ ಒಂದು ಚಿಕ್ಕ ವಾಕ್ಯ. ಜನರು ಅದನ್ನು ಬುತ್ತಿಯಂತೆ ಕಟ್ಟಿಕೊಂಡು ಊರಿಗೆ ಮರಳುವರು. ಮಳೆಗೆ, ಬೆಳೆಗೆ, ಆಳುವವರ ಏಳುಬೀಳುಗಳಿಗೆ ಅದನ್ನು ಹೊಂದಿಸಿ ವರ್ಷವೆಲ್ಲ ಮೆಲುಕು ಹಾಕುವರು. ಕೊಟ್ಟೂರಿನ ತೇರಿಗೆ ಕಾಲುನಡಿಗೆಯಲ್ಲಿ ಬರುವ ಭಕ್ತರ ಬಾಯಲ್ಲಿ ಹಾಡು ಉಂಟು. ಹರಪನಹಳ್ಳಿಯ ಭೀಮವ್ವನ (೧೮೨೩–೧೯೦೩) ಪದಗಳು ಹೆಂಗಸರ ನಾಲಗೆಯ ಮೇಲೆಯೇ ಉಳಿದು ಬಂದವು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳ ಕಡೆಯ ಭಜನೆಯ ಮೇಳಗಳಲ್ಲಿಯೂ ಹೊತ್ತಗೆಗಿಂತ ಕಂಠಕ್ಕೇ ಹೆಚ್ಚು ಮಾನ್ಯತೆ. ಹಿಂದೆ ಬಳ್ಳಾರಿ ಜಿಲ್ಲೆಯವಾಗಿದ್ದು ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಈ ಐದು ತಾಲ್ಲೂಕುಗಳಲ್ಲಿ ಭಕ್ತಿಯು ಕಣ್ಣಿಗಿಂತ ಕಿವಿಯಿಂದಲೇ ಬೆಳೆದುದೆಂದರೆ ತಪ್ಪಾಗದು.

ಇಂಥ ಸೀಮೆಯಲ್ಲಿ ಕ್ರೈಸ್ತ ಮನೆಗಳೂ ಉಂಟು. ಶನಿವಾರ ಸಂಜೆ ಕೆಲಸ ಮುಗಿದ ಮೇಲೆ, ಇಲ್ಲವೆ ಆದಿತ್ಯವಾರ ಸಭೆಯಿಂದ ಮರಳಿ ಉಂಡ ಮೇಲೆ, ಅಕ್ಷರ ಬಲ್ಲವರೊಬ್ಬರು ಪುಸ್ತಕವನ್ನು ಬಿಚ್ಚಿ ಓದುವರು, ಉಳಿದವರು ಕೇಳುವರು. ಈ ಓದಿಗೆ ಒದಗಿಬಂದಿರುವ ಕನ್ನಡವು ಎಂಥದು? ಅದು ಕೇಳುವವರ ಹೃದಯಕ್ಕೆ ಇಳಿಯತಕ್ಕ ಕನ್ನಡವೇ, ಅಥವಾ ಭಯಭಕ್ತಿಯಿಂದ ಕೇಳಿ ಅಲ್ಲಿಯೇ ಬಿಟ್ಟು ಏಳತಕ್ಕದ್ದೇ? ಧರ್ಮದ ವಿಷಯವನ್ನು ಧರ್ಮಜ್ಞರಿಗೆ ಬಿಟ್ಟರೂ ಭಾಷೆಯ ವಿಷಯವು ಸಾಹಿತ್ಯವಿಮರ್ಶೆಗೆ ಸೇರಿದುದೇ ಸರಿ. ತಾಯಿಯೊಡನೆ ಒಂದು ಕನ್ನಡ, ದೇವರೊಡನೆ ಇನ್ನೊಂದು ಕನ್ನಡ ಎಂದಾದರೆ ಪ್ರಾರ್ಥನೆಯೇ ಎರವಲಾಗುವುದು.

ಮೊದಲು ಅಳತೆಗೋಲನ್ನು ಗೊತ್ತುಮಾಡಿಕೊಳ್ಳಬೇಕು. ಭಕ್ತಿಗ್ರಂಥವು ಒಮ್ಮೆ ಓದಿ ಮುಗಿಸುವ ಗ್ರಂಥವಲ್ಲ. ಹನ್ನೆರಡನೆಯ ಶತಮಾನದಲ್ಲಿ ಗುಯಿಗೋ ಎಂಬ ಕ್ರೈಸ್ತ ಸಂನ್ಯಾಸಿಯು ಈ ಓದಿಗೆ ನಾಲ್ಕು ಮೆಟ್ಟಿಲುಗಳನ್ನು ಹೇಳಿದನು: ಓದುವುದು, ಮನನ ಮಾಡುವುದು, ಪ್ರಾರ್ಥಿಸುವುದು, ಕೊನೆಗೆ ದೇವರಲ್ಲಿ ಸುಮ್ಮನೆ ನೆಲೆಗೊಳ್ಳುವುದು. ಶ್ರವಣ, ಮನನ, ನಿದಿಧ್ಯಾಸನಗಳೆಂಬ ಮಾತುಗಳನ್ನು ಬಲ್ಲ ನಾಡಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮೈಲಾರದಿಂದ ಒಂದು ವಾಕ್ಯವನ್ನು ಹೊತ್ತು ಬರುವ ಒಕ್ಕಲಿಗನೂ ತನ್ನ ರೀತಿಯಲ್ಲಿ ಮೊದಲೆರಡು ಮೆಟ್ಟಿಲುಗಳನ್ನು ಏರಿದವನೇ. ಆದುದರಿಂದ ಇಂಥ ಗ್ರಂಥದ ಮಾತು ಗಟ್ಟಿಯಾಗಿ ಓದಲು ಒಗ್ಗಬೇಕು. ಒಂದು ಉಸಿರಿಗೆ ಅಡಗಬೇಕು. ಓದು ನಿಂತ ಮೇಲೂ ಕೇಳಿದವನ ನೆನಪಿನಲ್ಲಿ ನಿಲ್ಲಬೇಕು.

ಈ ಅಳತೆಗೋಲಿನಿಂದ ಮೊದಲು ನೋಡತಕ್ಕದ್ದು ಸತ್ಯವೇದವನ್ನೇ. ಅದರ ಕನ್ನಡದ ತೊಟ್ಟಿಲು ದೂರದ್ದಲ್ಲ, ಬಳ್ಳಾರಿಯದೇ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಕನ್ನಡವನ್ನು ಕಲಿತು, ಅನುವಾದಕ್ಕೆ ಕೈಹಾಕಿದನು. ೧೮೩೧ರ ಸುಮಾರಿಗೆ ಇಡಿಯ ಗ್ರಂಥವು ಕನ್ನಡದಲ್ಲಿ ಸಿದ್ಧವಾಯಿತು. ಅವನ ಜೊತೆಗಾರನಾದ ವಿಲಿಯಂ ರೀವ್ ೧೮೨೪ರಲ್ಲಿಯೂ ೧೮೩೨ರಲ್ಲಿಯೂ ಎರಡು ನಿಘಂಟುಗಳನ್ನು ಹೊರತಂದನು. ಆಮೇಲೆ ಬಾಸೆಲ್ ಮಿಶನ್ನಿನವರು ಆ ಅನುವಾದವನ್ನು ತಿದ್ದಿದರು. ಅನಂತರದ ತಲೆಮಾರುಗಳೂ ತಿದ್ದಿವೆ. ಮುಂದೆ ನಡೆಯಲು ಗದ್ಯದ ಹಾದಿಯೇ ಸರಿಯಾಗಿ ಸವೆದಿರದಿದ್ದ ಕಾಲದಲ್ಲಿ ಆದ ಈ ಕೆಲಸದ ಶ್ರಮವನ್ನು ಮರೆತು ಅದರ ದೋಷವನ್ನೆಣಿಸುವುದು ಕೃತಘ್ನತೆಯಾದೀತು.

ಗುಣವನ್ನು ಮೊದಲು ಹೇಳುವುದಾದರೆ, ಸುವಾರ್ತೆಗಳ ಕಥಾಭಾಗವು ಕನ್ನಡಕ್ಕೆ ಸಲೀಸಾಗಿ ಬಂದಿದೆ. ಬಿತ್ತುವವನು ಹೊಲಕ್ಕೆ ಹೋದುದು, ಬೀಜವು ದಾರಿಯ ಮಗ್ಗುಲಿಗೂ ಕಲ್ಲುನೆಲಕ್ಕೂ ಮುಳ್ಳಿನ ನಡುವೆಯೂ ಬಿದ್ದುದು, ಕೆಲವು ಮಾತ್ರ ಒಳ್ಳೆಯ ಮಣ್ಣನ್ನು ಸೇರಿದುದು: ಈ ಸಾಮ್ಯವನ್ನು ಕೂಡ್ಲಿಗಿಯ ಮಸಾರಿ ನೆಲದಲ್ಲಿ ಮಳೆಗಾಗಿ ಮುಗಿಲನ್ನು ನೋಡುವ ರೈತನಿಗೆ ಯಾರು ಅರ್ಥ ಹೇಳಬೇಕು? ಇನ್ನೊಂದು ಚಿಕ್ಕ ಗುಣವುಂಟು. ಯೇಸುವಿನ ಮಾತು ಬಂದಲ್ಲಿ ಅನುವಾದಕರು ‘ಅವನು’ ಎನ್ನದೆ, ‘ಅವರು’ ಎಂದೂ ದೂರ ಸರಿಯದೆ, ‘ಆತನು’ ಎಂದಿದ್ದಾರೆ. ಗೌರವವೂ ಸಲಿಗೆಯೂ ಒಂದೇ ಪದದಲ್ಲಿ ಸೇರಿವೆ. ‘ಸುವಾರ್ತೆ’ ಎಂಬ ಪದವು ಸಂಸ್ಕೃತದಿಂದ ಬಂದು ಇಂಪಾಗಿ ನಿಂತಿತು. ‘ಶಿಲುಬೆ’ಯು ಸಿರಿಯಾಕ್ ಮೂಲದಿಂದ ನೆರೆಯ ದ್ರಾವಿಡ ಭಾಷೆಗಳ ಮೂಲಕ ಹಾದುಬಂದು ಕನ್ನಡದ್ದೇ ಆಯಿತು. ‘ಕರ್ತ’ ಎಂಬ ಮಾತು ಶಿವಶರಣರಿಗೂ ಹೊಸದಲ್ಲ. ಪದಗಳ ಆಯ್ಕೆಯಲ್ಲಿ ಅನುವಾದಕರು ಬಹಳಮಟ್ಟಿಗೆ ಗೆದ್ದಿದ್ದಾರೆ.

ಸೋತದ್ದು ವಾಕ್ಯದಲ್ಲಿ. ಪೌಲನ ಪತ್ರಿಕೆಗಳನ್ನು ತೆರೆದು ಗಟ್ಟಿಯಾಗಿ ಓದಿದರೆ ಇದು ಕೂಡಲೇ ತಿಳಿಯುವುದು. ಮೂಲದ ಗ್ರೀಕ್ ವಾಕ್ಯವು ಕ್ರಿಯಾಪದವನ್ನು ಹೇಳಿ ಆದಮೇಲೆ ಹೊಸ ಹೊಸ ಉಪವಾಕ್ಯಗಳನ್ನು ಬಾಲದಂತೆ ಬೆಳೆಸಬಲ್ಲದು. ಕನ್ನಡದಲ್ಲಿ ಕ್ರಿಯಾಪದವು ಕೊನೆಯಲ್ಲಿಯೇ ಬರಬೇಕು. ಆ ಉಪವಾಕ್ಯಗಳನ್ನೆಲ್ಲ ಒಂದರ ಮೇಲೊಂದು ವಿಶೇಷಣವಾಗಿ ಹೇರಿದರೆ, ಕೇಳುವವನು ‘ಯಾರು, ಏನು ಮಾಡಿದರು’ ಎಂಬುದನ್ನು ಅರಿಯುವಷ್ಟರಲ್ಲಿ ವಾಕ್ಯದ ಮೊದಲನ್ನು ಮರೆತಿರುವನು. ಕಣ್ಣು ಹಿಂದಕ್ಕೆ ಹೊರಳಬಲ್ಲದು. ಕಿವಿಗೆ ಆ ಸೌಕರ್ಯವಿಲ್ಲ. ಮನೆಯ ಓದಿನಲ್ಲಿ ಪತ್ರಿಕೆಗಳು ಭಾರವೆನಿಸುವುದಕ್ಕೆ ತತ್ತ್ವದ ಕಾಠಿನ್ಯವೊಂದೇ ಕಾರಣವಲ್ಲ.

ಇದಕ್ಕಿಂತಲೂ ಯೋಚಿಸತಕ್ಕದ್ದು ಕೀರ್ತನೆಗಳ ವಿಷಯ. ಹೀಬ್ರೂ ಭಾಷೆಯ ಆ ೧೫೦ ಹಾಡುಗಳಿಗೆ ಕನ್ನಡದಲ್ಲಿ ‘ಕೀರ್ತನೆ’ ಎಂದು ಹೆಸರಿಟ್ಟರು. ದಾಸರ ನಾಡಿನಲ್ಲಿ ಆ ಹೆಸರನ್ನು ಕೇಳಿದವನು ತಾಳವನ್ನೂ ಪಲ್ಲವಿಯನ್ನೂ ನಿರೀಕ್ಷಿಸುವನು. ಪುಸ್ತಕದಲ್ಲಿ ಸಿಗುವುದು ಗದ್ಯ. ಹೆಸರು ಕೊಟ್ಟ ಮಾತನ್ನು ರೂಪವು ನಡೆಸಲಿಲ್ಲ. ಆದರೆ ಪರಿಹಾರವು ಕೈಗೆಟುಕುವಷ್ಟು ಹತ್ತಿರದಲ್ಲಿಯೇ ಇದೆ. ಹೀಬ್ರೂ ಕಾವ್ಯದ ಜೀವಾಳವು ಪ್ರಾಸವಲ್ಲ. ಒಂದು ಭಾವವನ್ನು ಹೇಳಿ, ಅದನ್ನೇ ಬೇರೆ ಮಾತಿನಲ್ಲಿ ಮರಳಿ ಹೇಳುವ, ಇಲ್ಲವೆ ಅದಕ್ಕೆ ಎದುರಾದುದನ್ನು ಹೇಳುವ ಜೋಡಿನುಡಿ. ಕನ್ನಡದಲ್ಲಿ ಹೀಗೆಯೇ ನಡೆಯುವ ಒಂದು ರೂಪವುಂಟು: ಶರಣರ ವಚನ. ಛಂದಸ್ಸಿನ ಕಟ್ಟಿಲ್ಲದೆ, ಸರಿದೂಗುವ ನುಡಿಗಳಿಂದಲೇ ಲಯವನ್ನು ಹುಟ್ಟಿಸಿ, ದೇವರನ್ನು ಹೆಸರು ಹಿಡಿದು ಕರೆಯುವುದು ಅದರ ರೀತಿ. ವಿಚಿತ್ರವೆಂದರೆ ಸತ್ಯವೇದದ ಅಧ್ಯಾಯಗಳ ಒಂದೊಂದು ತುಣುಕನ್ನೂ ಕನ್ನಡ ಕ್ರೈಸ್ತರು ‘ವಚನ’ವೆಂದೇ ಕರೆಯುವರು. ಪದವು ಮನೆಯಲ್ಲಿಯೇ ಇದೆ; ಅದರ ಉಸಿರನ್ನು ಮಾತ್ರ ಕರೆದುತರಲಿಲ್ಲ. ಕೀರ್ತನೆಗಳನ್ನು ವಚನದ ಉಸಿರಿನಂತೆ ಸಾಲು ಮುರಿದು, ಕ್ರಿಯಾಪದಗಳನ್ನು ಹಗುರಮಾಡಿ ಬರೆದರೆ, ಈ ಸೀಮೆಯ ಕಿವಿಗೆ ಅವು ಒಗ್ಗುವುದರಲ್ಲಿ ಸಂದೇಹವಿಲ್ಲ.

ಸತ್ಯವೇದದ ತರುವಾಯ ಬನಿಯನ್ನನ ಗ್ರಂಥ. ೧೬೭೮ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದ ಆ ರೂಪಕಕಥೆಯು ೧೮೪೭ರಲ್ಲಿ ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಿಂದ ಕನ್ನಡಕ್ಕೆ ಬಂತು. ಬೆನ್ನ ಮೇಲೆ ಹೊರೆ, ಮುಂದೆ ದೂರದ ಊರು, ನಡುವೆ ಕೆಸರು, ಬೆಟ್ಟ, ಸಂತೆ: ಕೊಟ್ಟೂರಿನ ತೇರಿಗೆ ನಡೆದು ಬಂದವರಿಗೆ ಇದರಲ್ಲಿ ಪರಕೀಯವಾದುದು ಯಾವುದೂ ಇಲ್ಲ. ಆದರೂ ಒಂದೆಡೆ ಕನ್ನಡದ ಕೇಳುಗನು ತಡೆದು ನಿಲ್ಲುವನು. ಯಾತ್ರಿಕನು ಹೆಂಡತಿಮಕ್ಕಳ ಕೂಗಿಗೆ ಕಿವಿ ಮುಚ್ಚಿಕೊಂಡು ಒಬ್ಬನೇ ಓಡುತ್ತಾನೆ. ಸತಿಪತಿಗಳೊಂದಾದ ಭಕ್ತಿಯನ್ನೂ ಕಾಯಕವನ್ನೂ ಕೊಂಡಾಡಿದ ನಾಡಿಗೆ ಈ ಓಟವು ಸುಲಭವಾಗಿ ಹಿಡಿಸದು. ಬನಿಯನ್ ೧೬೮೪ರಲ್ಲಿ ಎರಡನೆಯ ಭಾಗವನ್ನು ಬರೆದು ಹೆಂಡತಿಮಕ್ಕಳನ್ನೂ ಅದೇ ದಾರಿಯಲ್ಲಿ ನಡೆಸಿದನು. ಆದಿತ್ಯವಾರದ ಮನೆಯೋದಿಗೆ ಈ ಎರಡನೆಯ ಭಾಗವೇ ಹೆಚ್ಚು ಹೊಂದುವುದೆಂದು ತೋರುತ್ತದೆ.

ಗದ್ಯದಿಂದ ಪದ್ಯಕ್ಕೆ ಹೊರಳಿದವರು ಕಿಟ್ಟೆಲರು. ನಿಘಂಟಿನಿಂದ (೧೮೯೪) ಪ್ರಸಿದ್ಧರಾದ ಅವರು ಅದಕ್ಕೆ ಬಹಳ ಮೊದಲೇ, ೧೮೬೨ರಲ್ಲಿ, ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹಾಡಿದರು. ಜರ್ಮನ್ ರಾಗಗಳಿಗೆ ಕನ್ನಡ ಮಾತುಗಳನ್ನು ತುಂಬುತ್ತಿದ್ದ ಕಾಲದಲ್ಲಿ ಇದು ಧೀರವಾದ ಹೆಜ್ಜೆ. ದಿಕ್ಕು ಸರಿಯಾದುದೇ; ಆದರೆ ‘ಕಥಾಮಾಲೆ’ ಜನರ ನಾಲಗೆಯ ಮೇಲೆ ಉಳಿಯಲಿಲ್ಲ. ಮರಾಠಿಯಲ್ಲಿ ಫಾದರ್ ಸ್ಟೀಫನ್ಸ್ ೧೬೧೬ರಲ್ಲಿಯೇ ಹತ್ತು ಸಾವಿರಕ್ಕೂ ಮಿಕ್ಕ ಓವಿಗಳಲ್ಲಿ ‘ಕ್ರಿಸ್ತಪುರಾಣ’ವನ್ನು ಹೊರತಂದಿದ್ದನು, ನಾರಾಯಣ ವಾಮನ ಟಿಳಕರು (೧೮೬೧–೧೯೧೯) ಬರೆದ ಹಾಡುಗಳು ಮರಾಠಿ ಕ್ರೈಸ್ತರ ಬಾಯಲ್ಲಿ ಇಂದಿಗೂ ಉಂಟು. ಛಂದಸ್ಸನ್ನು ಕಲಿಯುವುದು ಬೇರೆ, ಛಂದಸ್ಸಿನಲ್ಲಿ ಅಳುವುದು ಬೇರೆ. ಟಿಳಕರು ತಮ್ಮ ಮೊರೆಯನ್ನೇ ಅಭಂಗವಾಗಿಸಿದರು. ಕಿಟ್ಟೆಲರು ಚರಿತ್ರೆಯೊಂದನ್ನು ಪದ್ಯವಾಗಿಸಿದರು. ಭೇದವು ಇಲ್ಲಿದೆ.

ಹೀಗೆ ನೋಡುತ್ತ ಬಂದಾಗ ದೃಷ್ಟಿಯು ಹಡಗಲಿಯ ಸೀಮೆಗೇ ಮರಳುವುದು. ರೆವರೆಂಡ್ ಉತ್ತಂಗಿ ಚನ್ನಪ್ಪನವರ (೧೮೮೧–೧೯೬೨) ಮನೆತನದ ಹೆಸರೇ ಹಡಗಲಿ ತಾಲ್ಲೂಕಿನ ಉತ್ತಂಗಿ ಗ್ರಾಮದ್ದು. ಬಾಸೆಲ್ ಮಿಶನ್ನಿನ ಸಭಾಪಾಲಕರಾದ ಅವರು ಊರೂರು ಅಲೆದು, ಓಲೆಗಳನ್ನೂ ಜನರ ನಾಲಗೆಯನ್ನೂ ಶೋಧಿಸಿ, ಸರ್ವಜ್ಞನ ವಚನಗಳನ್ನು ೧೯೨೪ರಲ್ಲಿ ಪ್ರಕಟಿಸಿದರು. ೧೯೪೯ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯು ಅವರಿಗೆ ಸಂದಿತು. ಅವರ ಒಂದು ಗ್ರಂಥದ ಹೆಸರು ‘ಬನಾರಸಕ್ಕೆ ಬೆತ್ಲೆಹೇಮದ ವಿನಂತಿ’. ಈ ಹೆಸರಿನಲ್ಲಿರುವ ‘ವಿನಂತಿ’ ಎಂಬ ಮಾತೇ ಒಂದು ವಿಮರ್ಶೆಯಾಗಿದೆ. ಅದಕ್ಕೆ ಹಿಂದಿನ ಎಷ್ಟೋ ಕ್ರೈಸ್ತ ಬರಹಗಳು ಆಜ್ಞೆಯ, ಖಂಡನೆಯ ಧ್ವನಿಯಲ್ಲಿದ್ದವು. ಇಲ್ಲಿ ಬೆತ್ಲೆಹೇಮವು ಬಾಗಿಲಲ್ಲಿ ನಿಂತು ಬೇಡುತ್ತದೆ.

ಪಾದ್ರಿಗಳೊಬ್ಬರು ತಿರುಕನಾದ ಶೈವಕವಿಯೊಬ್ಬನ ತ್ರಿಪದಿಗಳಿಗಾಗಿ ವರ್ಷಗಟ್ಟಲೆ ಅಲೆದುದು ಸ್ವಧರ್ಮದಿಂದ ದೂರ ಹೋದಂತಲ್ಲವೇ ಎಂದು ಕೆಲವರು ಕೇಳಬಹುದು. ಶಿಲುಬೆಯ ವಿಶಿಷ್ಟತೆಯು ಎಲ್ಲವೂ ಒಂದೇ ಎಂಬ ಮಾತಿನಲ್ಲಿ ಕರಗಿಹೋದೀತೆಂಬುದು ಅವರ ಅಂಜಿಕೆ. ಅಂಜಿಕೆಯು ಪೊಳ್ಳಲ್ಲ. ಆದರೆ ತತ್ತ್ವವನ್ನು ಬೆರೆಸುವುದು ಬೇರೆ, ನುಡಿಯನ್ನು ಕಲಿಯುವುದು ಬೇರೆ. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡಿದ ತ್ರಿಪದಿಯಲ್ಲಿ ಮೂರು ಸಾಲಿಗೆ ಒಂದು ಅನುಭವವು ಪೂರ್ತಿಯಾಗುವುದು. ಅದು ಒಂದು ದಿನದ ಮನನಕ್ಕೆ ಸಾಕಾದ ತುತ್ತು. ಉತ್ತಂಗಿಯವರು ಸರ್ವಜ್ಞನಲ್ಲಿ ಕಂಡುಕೊಂಡುದು ಕನ್ನಡಿಗನ ಕಿವಿಗೆ ಯಾವ ಮಾತು ಇಳಿಯುವುದೆಂಬ ರಹಸ್ಯವನ್ನು. ಹ್ಯಾಂಡ್ಸನು ಕನ್ನಡದಲ್ಲಿ ಮಾತನಾಡಲು ಕಲಿತನು; ಉತ್ತಂಗಿಯವರು ಕನ್ನಡವನ್ನು ಆಲಿಸಲು ಕಲಿಸಿದರು.

ಆದರೂ ಆ ಹಾದಿಯು ನಡುವೆಯೇ ನಿಂತಿತೆಂಬುದನ್ನು ಮರೆಮಾಡಬೇಕಾಗಿಲ್ಲ. ಸರ್ವಜ್ಞನೊಡನೆ ನಿಂತಷ್ಟು ಗಟ್ಟಿಯಾಗಿ ಉತ್ತಂಗಿಯವರ ಹೆಸರು ಅವರ ಕ್ರೈಸ್ತ ಬರಹಗಳೊಡನೆ ನಿಲ್ಲಲಿಲ್ಲ. ಅವರು ಆಲಿಸಿದ ಕನ್ನಡದಲ್ಲಿಯೇ ನಿತ್ಯದ ಪ್ರಾರ್ಥನೆಯೂ ಕೀರ್ತನೆಯೂ ಹೊಸದಾಗಿ ಹುಟ್ಟಬೇಕಾಗಿದೆ. ಅಲ್ಲಿಯವರೆಗೆ ಮನೆಯ ಓದಿಗೆ ಸಾಧನವೇ ಇಲ್ಲವೆಂದಲ್ಲ. ಶನಿವಾರ ಸಂಜೆ ಸುವಾರ್ತೆಯ ಒಂದು ಸಾಮ್ಯ, ಆದಿತ್ಯವಾರ ಒಂದು ಕೀರ್ತನೆ. ಅದನ್ನು ವಚನದಂತೆ ಉಸಿರುಸಿರಿಗೆ ತಡೆದು ಓದುವುದು. ಪೌಲನ ಪತ್ರಿಕೆಯಾದರೆ ಉದ್ದವಾದ ವಾಕ್ಯವನ್ನು ಓದುವವರೇ ಎರಡಾಗಿ ಮೂರಾಗಿ ಬಿಡಿಸಿ ಹೇಳುವುದು. ಇಷ್ಟು ಮಾಡಿದರೂ ಬಹಳವಾಯಿತು.

ಮುಂದೆ ಬರೆಯುವವರಿಗೆ ಪರೀಕ್ಷೆಯೂ ಸುಲಭವಾಗಿದೆ. ಬರೆದುದನ್ನು ಅಕ್ಷರ ಬಾರದ ಒಬ್ಬ ಮುದುಕಿಯ ಮುಂದೆ ಓದಬೇಕು. ಮರುದಿನ ಒಲೆಯ ಮುಂದೆ ಕುಳಿತಾಗ ಅವಳ ಬಾಯಲ್ಲಿ ಅದರ ಒಂದು ಮಾತಾದರೂ ತಾನಾಗಿ ಬಂದರೆ, ಆ ಗ್ರಂಥವು ಭಕ್ತಿಗ್ರಂಥವಾಯಿತೆಂದು ತಿಳಿಯಬೇಕು.