ಕಾವ್ಯಪಾಠಕ್ಕೆ ವರ್ಧಿತ ವಾಸ್ತವ

ಪ್ರೌಢಶಾಲೆಗಳ ಸಾಹಿತ್ಯಪಾಠಕ್ಕೆ ‘ಆಗ್ಮೆಂಟೆಡ್ ರಿಯಾಲಿಟಿ’ಯನ್ನು ಬಳಸಿಕೊಳ್ಳಬೇಕೆಂಬ ಸಲಹೆ ಈಚೆಗೆ ಶಿಕ್ಷಣವಲಯದಲ್ಲಿ ಕೇಳಿಬರುತ್ತಿದೆ. ಕನ್ನಡದಲ್ಲಿ ಇದನ್ನು ವರ್ಧಿತ ವಾಸ್ತವವೆನ್ನುತ್ತಾರೆ. ಮೊಬೈಲಿನ ಕ್ಯಾಮೆರಾವನ್ನು ಪುಸ್ತಕದ ಪುಟದತ್ತ ಹಿಡಿದರೆ, ಅಲ್ಲಿಯ ಚಿತ್ರವನ್ನೋ ಗುರುತನ್ನೋ ಯಂತ್ರವು ಗ್ರಹಿಸಿ, ಪುಟದಿಂದಲೇ ಎದ್ದುನಿಂತಂತೆ ಒಂದು ಆಕೃತಿಯನ್ನು ಪರದೆಯ ಮೇಲೆ ತೋರಿಸುತ್ತದೆ. ಪುಟವನ್ನು ತಿರುಗಿಸಿದರೆ ಅದೂ ತಿರುಗುತ್ತದೆ. ನಮ್ಮ ವಾಚಕರಲ್ಲಿ ಶಿಕ್ಷಕವೃತ್ತಿಯವರು ಅನೇಕರಿರುವುದರಿಂದ ಇದರ ಗುಣದೋಷಗಳನ್ನು ವಿವೇಚಿಸುವುದು ಉಚಿತ.

ಈ ವಿದ್ಯೆಗೆ ಹೆಸರು ಬಂದದ್ದು ಶಾಲೆಯಲ್ಲಲ್ಲ. ಬೋಯಿಂಗ್ ವಿಮಾನ ಸಂಸ್ಥೆಯ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ಎಂಬ ತಜ್ಞರು 1992ರ ತಮ್ಮ ಪ್ರಬಂಧದಲ್ಲಿ, ವಿಮಾನ ತಯಾರಿಕೆಯ ಕೆಲಸಗಾರನಿಗೆ ಕಣ್ಣೆದುರೇ ನಕ್ಷೆ ಕಾಣುವಂತೆ ಮಾಡುವ ಉಪಾಯವನ್ನು ಈ ಹೆಸರಿನಿಂದ ವಿವರಿಸಿದರು. ಅಲ್ಲಿ ಯಾವ ತಂತಿ ಎಲ್ಲಿಗೆಂಬ ಸಂದೇಹಕ್ಕೆ ಎಡೆಯಿರಬಾರದು. ಕಾವ್ಯದ ರೀತಿಯೇ ಬೇರೆ. ಒಂದು ಮಾತಿನಲ್ಲಿ ಹಲವು ಅರ್ಥ ಹೊಳೆಯುವುದೇ ಅಲ್ಲಿಯ ಸೊಗಸು.

ರನ್ನನ ಗದಾಯುದ್ಧವನ್ನೇ ತೆಗೆದುಕೊಳ್ಳಿ. ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಡದಲ್ಲಿ ಭೀಮನ ಗರ್ಜನೆ. ಅದನ್ನು ಕೇಳಿ ಕೋಪದಿಂದ ಕೆಂಗಣ್ಣನಾದ ಕೌರವನು ನೀರೊಳಗಿದ್ದೂ ಬೆವರಿದನೆಂದು ಕವಿ ಹೇಳುತ್ತಾನೆ. ಯಂತ್ರವು ಸರೋವರವನ್ನು ತೋರಿಸೀತು, ಗದೆಯನ್ನೂ ಕಿರೀಟವನ್ನೂ ತೋರಿಸೀತು. ನೀರೊಳಗಿನ ಬೆವರನ್ನು ತೋರಿಸುವ ಬಗೆ ಯಾವುದು? ಅದು ಕಣ್ಣಿಗೆ ಕಾಣುವ ವಸ್ತುವೇ ಅಲ್ಲ. ‘ಇದ್ದೂ’ ಎಂಬಲ್ಲಿಯ ಆ ಊಕಾರದಲ್ಲಿ ರನ್ನನ ಶಕ್ತಿಯೆಲ್ಲ ಅಡಗಿದೆ. ಕಿರೀಟವನ್ನು ನೋಡುತ್ತ ಕುಳಿತ ಬಾಲಕನಿಗೆ ಅದು ಕೇಳಿಸದೆಯೇ ಹೋಗಬಹುದು. ಪದ್ಯವನ್ನು ಓದಿ, ಒಂದು ಕ್ಷಣ ತಡೆದು, “ನೀರಿನಲ್ಲಿ ಬೆವರುವುದೆಂತು?” ಎಂದು ಗುರುಗಳು ಕೇಳಿದರೆ ತರಗತಿ ಮೊದಲು ನಕ್ಕೀತು. ನಗಲಿ, ಸರೋವರದ ತಂಪನ್ನೂ ಮೀರಿದ ಕೋಪದ ಕಾವು ಆಮೇಲೆ ತಾನಾಗಿ ತಿಳಿಯುತ್ತದೆ.

ಹಾಗೆಂದು ಈ ಸಾಧನವನ್ನು ಪೂರ್ಣವಾಗಿ ತಳ್ಳಿಹಾಕುವುದೂ ಸರಿಯಲ್ಲ. ಜೇಡರ ದಾಸಿಮಯ್ಯನವರು ನೇಯ್ಗೆಯ ಕಾಯಕದವರು, ನುಲಿಯ ಚಂದಯ್ಯನವರು ಹಗ್ಗ ಹೊಸೆದವರು. ಶರಣರ ಬದುಕನ್ನೂ ವಚನಗಳನ್ನೂ ಓದುವ ನಗರದ ಮಕ್ಕಳು ಮಗ್ಗವನ್ನು ಕಂಡಿಲ್ಲ, ಲಾಳಿಯನ್ನು ಕಂಡಿಲ್ಲ. ಅಂಥಲ್ಲಿ ಮೇಜಿನ ಮೇಲೆ ಮಗ್ಗವೊಂದು ಎದ್ದು, ಹಾಸುಹೊಕ್ಕು ಕೂಡುವುದನ್ನು ತೋರಿಸಿದರೆ ದೊಡ್ಡ ಉಪಕಾರ. ಇಳಕಲ್ಲಿನ, ಗುಳೇದಗುಡ್ಡದ ಮಕ್ಕಳಿಗೆ ಅದೂ ಬೇಡ; ನೇಕಾರರ ಮನೆಗೆ ಕರೆದೊಯ್ದರಾಯಿತು.

ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ‘ಬಿಟ್ವೀನ್ ಪೇಜ್ ಅಂಡ್ ಸ್ಕ್ರೀನ್’ ಎಂಬ ಕೃತಿಯೂ ಇಲ್ಲಿ ಗಮನಾರ್ಹ. ಕವಯಿತ್ರಿ ಅಮರಾಂತ್ ಬೋರ್ಸುಕ್ ಮತ್ತು ಬ್ರ್ಯಾಡ್ ಬೌಸ್ ಇದರ ಕರ್ತೃಗಳು. ಇದರ ಕವಿತೆಗಳಿಗೆ ಪುಟಗಳಲ್ಲಿ ಅಕ್ಷರವಿಲ್ಲ, ಕಪ್ಪುಬಿಳುಪಿನ ಗುರುತುಗಳು ಮಾತ್ರ. ಗಣಕಯಂತ್ರದ ಕ್ಯಾಮೆರಾಕ್ಕೆ ಹಿಡಿದಾಗ ಪರದೆಯ ಮೇಲೆ ಏಳುವುದು ಮಾತುಗಳೇ ಹೊರತು ಬೊಂಬೆಗಳಲ್ಲ. ಓದದೆ ಗತಿಯಿಲ್ಲ!

ಹಳಗನ್ನಡಕ್ಕೆ ಈ ಮಾರ್ಗ ಒಪ್ಪುವಂತೆ ತೋರುತ್ತದೆ. ನಮ್ಮ ವಿದ್ಯಾರ್ಥಿಯ ಮೊದಲ ಕಷ್ಟ ಪದಚ್ಛೇದ. ಸಂಧಿಯಲ್ಲಿ ಹೆಣೆದುಕೊಂಡ ಪದಗಳು ಅವನ ಕಣ್ಣೆದುರಿಗೆ ಬಿಡಿಬಿಡಿಯಾಗಿ ನಿಂತು, ಅನ್ವಯಕ್ರಮದಲ್ಲಿ ಸಾಗಿ, ಮತ್ತೆ ಕೂಡಿಕೊಳ್ಳಲಿ. ಜತೆಗೆ ಗಮಕಿಯ ಕಂಠ ಕೇಳಿಬರಲಿ. ಇದನ್ನು ಸಿದ್ಧಪಡಿಸುವವರು ಚಿತ್ರಗಾರನಿಗಿಂತ ಮೊದಲು, ಪದ್ಯವನ್ನು ಬಿಡಿಸಿ ಓದಬಲ್ಲ ಪಂಡಿತರೊಬ್ಬರನ್ನು ಕರೆಯಬೇಕಾದೀತು.